ಮುಖಕ್ಕೆ ಸುಣ್ಣ ಬಳಿಯುವ ವಿಡಿಯೋ

ಮದುವೆ ನಿಶ್ಚಯವಾದ ಮನೆಯಲ್ಲಿ ಈಗ ಅಡಿಗೆಯವರಿಗಿಂತ ಮೊದಲು ವಿಡಿಯೋದವರಿಗೆ ಮುಂಗಡ ಹೋಗುತ್ತದೆ. ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ. ಒಂದು ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಅಂಚು ತಿಕ್ಕಿ, ಬೆಳಕಿಗೆ ಹಿಡಿದು, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ಬೆಲೆ ಇಳಿಸಲು ಕೂಡುವ ಹೆಂಗಸರ ಮುಂದೆ ವಿಡಿಯೋದವನು ಬಂದು, 'ಹೊಸಾ ಕ್ಯಾಮರಾ ಐತ್ರಿ ಅಕ್ಕಾರ, ಫೋರ್ ಕೆ' ಎಂದರೆ ಮಾತು ಮುಗಿಯಿತು. ಅದೇನು ಫೋರ್ ಕೆ, ಅದರಿಂದ ನಮಗೇನು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: 'ಅದೆಲ್ಲಾ ಟೆಕ್ನಿಕಲ್ ಬಿಡ್ರಿ, ನಿಮಗ ತಿಳಿಯಂಗಿಲ್ಲ.'

ತಿಳಿಯುತ್ತದೆ. ಜೋಳ ಕೈಯಲ್ಲಿ ಹಿಡಿದು ಹುಳು ಬಿದ್ದಿದೆಯೇ ಇಲ್ಲವೇ ಹೇಳಬಲ್ಲ ಹೆಣ್ಣಿಗೆ, ತನ್ನ ಮಗಳ ಮುಖ ವಿಡಿಯೋದಲ್ಲಿ ಮಗಳ ಮುಖದ ಹಾಗಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ವಿಡಿಯೋದ ಗುಣಮಟ್ಟ ಅಳೆಯುವ ಅಧಿಕಾರ ಮೊದಲು ಇರುವುದು ಅದರೊಳಗೆ ಯಾರ ಮುಖ, ಯಾರ ದನಿ ಸಿಕ್ಕಿಕೊಂಡಿದೆಯೋ ಅವರಿಗೆ. ಮಾರುವವನಿಗಲ್ಲ, ಬಾಡಿಗೆಗೆ ತರುವವನಿಗಲ್ಲ. ಈ ಪ್ರಬಂಧದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಮೊದಲು ಆ ಯಂತ್ರದ ಪರಿಚಯ ಮಾಡಿಕೊಳ್ಳೋಣ. 1990ರ ಸುಮಾರಿನ ಮದುವೆಗಳು ನಿಮಗೆ ನೆನಪಿರಬಹುದು. ಹೆಗಲ ಮೇಲೆ ವಿ.ಎಚ್.ಎಸ್. ಕ್ಯಾಮರಾ ಹೊತ್ತ ಒಬ್ಬ, ಅವನ ಹಿಂದೆ ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ ಹಿಡಿದ ಇನ್ನೊಬ್ಬ, ದೀಪದ ಕಾವಿಗೆ ಬೆವೆತು ಕುಂಕುಮ ಇಳಿದ ಮದುಮಗಳು. ಈಗ ಬಂದಿರುವುದು ಅಂಗೈಯಗಲದ ಕ್ಯಾಮರಾ. ಹಳೆಯ ದೊಡ್ಡ ಕ್ಯಾಮರಾಗಳ ಹೊಟ್ಟೆಯಲ್ಲಿ ಇರುತ್ತಿದ್ದ ಕನ್ನಡಿಯನ್ನು ಇದರಲ್ಲಿ ತೆಗೆದುಹಾಕಿದ್ದಾರೆ. ಅದಕ್ಕೇ ಮಿರರ್‌ಲೆಸ್ ಎಂಬ ಹೆಸರು. ಮುಂದಿನ ಲೆನ್ಸನ್ನು ತಿರುಗಿಸಿ ತೆಗೆದು ಬೇರೊಂದನ್ನು ಹಾಕಬಹುದು. 2008ರಲ್ಲಿ ಪ್ಯಾನಾಸೋನಿಕ್ ಕಂಪನಿಯ ಲುಮಿಕ್ಸ್ ಜಿ1 ಬಂದಾಗ ಈ ಜಾತಿಯ ಕ್ಯಾಮರಾಗಳ ಕಾಲ ಶುರುವಾಯಿತು. 2021ರಲ್ಲಿ ಸೋನಿಯವರು ಮುಖ್ಯವಾಗಿ ವಿಡಿಯೋಕ್ಕೆಂದೇ ಝಡ್‌ವಿ-ಇ10 ಎಂಬ ಸಣ್ಣ ಕ್ಯಾಮರಾ ತಂದರು. ಬ್ಯಾಟರಿ, ಕಾರ್ಡು ಸೇರಿ 343 ಗ್ರಾಂ. ಅರ್ಧ ಕಿಲೋ ಬೆಲ್ಲಕ್ಕಿಂತ ಹಗುರ. ಅದರೊಳಗೆ ಬೆಳಕು ಬೀಳುವ ಫಲಕ ಸುಮಾರು 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ. ಫೋನಿನ ಫಲಕಕ್ಕಿಂತ ಇದು ಎಷ್ಟೋ ಪಟ್ಟು ದೊಡ್ಡದು. ದೊಡ್ಡ ಪಾತ್ರೆಗೆ ಮಳೆನೀರು ಹೆಚ್ಚು ಬಿದ್ದಂತೆ ದೊಡ್ಡ ಫಲಕಕ್ಕೆ ಬೆಳಕು ಹೆಚ್ಚು ಬೀಳುತ್ತದೆ. ಆದ್ದರಿಂದ ಮಬ್ಬುಗತ್ತಲೆಯ ನಡುಮನೆಯಲ್ಲಿ ಇಂಥ ಕ್ಯಾಮರಾ ಫೋನಿಗಿಂತ ಚೆನ್ನಾಗಿ ಕಾಣಬಲ್ಲದು. ಇದು ನಿಜವಾದ ಗುಣ, ಒಪ್ಪಿಕೊಳ್ಳೋಣ.

ಇನ್ನು ಫೋರ್ ಕೆ. ಪರದೆಯ ಮೇಲಿನ ಒಂದು ಚಿತ್ರವನ್ನು ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಾಗಿ ಕತ್ತರಿಸಿದರೆ ಸುಮಾರು 83 ಲಕ್ಷ ಚುಕ್ಕೆಗಳಾಗುತ್ತವೆ. ಅದಕ್ಕಿಂತ ಹಿಂದಿನ ಫುಲ್ ಎಚ್.ಡಿ.ಯಲ್ಲಿ ಸುಮಾರು 21 ಲಕ್ಷ. ಅಂದರೆ ನಾಲ್ಕು ಪಟ್ಟು ಹೆಚ್ಚು ಚುಕ್ಕೆ. ಚುಕ್ಕೆ ಹೆಚ್ಚಾದರೆ ಗುಣ ಹೆಚ್ಚಾಯಿತೇ? ರಂಗೋಲಿ ಹಾಕುವವರು ನೀವು, ನೀವೇ ಹೇಳಿ. ಚುಕ್ಕೆ ಎಷ್ಟೇ ಇಡಿ, ಎಳೆ ಸೊಟ್ಟಗಾದರೆ ರಂಗೋಲಿ ಕೆಟ್ಟಿತು. ಚುಕ್ಕೆಯ ಲೆಕ್ಕ ಹೇಳಿ ಎಳೆಯ ಮಾತು ಮುಚ್ಚಿಡುವುದೇ ಇವತ್ತಿನ ವ್ಯಾಪಾರ.

ಕ್ಯಾಮರಾ ಪರೀಕ್ಷೆ ಮಾಡುತ್ತೇವೆಂದು ವಿಡಿಯೋ ಹಾಕುವವರನ್ನು ನಾನೂ ಸಾಕಷ್ಟು ನೋಡಿದ್ದೇನೆ. ಅವರು ಪರೀಕ್ಷಿಸುವುದು ಏನನ್ನು? ಗುಡ್ಡದ ಮಂಜು, ಸಮುದ್ರದ ತೆರೆ, ಕಾಫಿ ಲೋಟದ ಹಬೆ, ಸಂಜೆಯ ಹೊಂಬಿಸಿಲಲ್ಲಿ ತಲೆಗೂದಲು ಹಾರಿಸುತ್ತ ನಡೆಯುವ ಬೆಳ್ಳನೆಯ ಹುಡುಗಿ. ಇಂಥ ಬೆಳಕಿನಲ್ಲಿ ಇಂಥ ಮುಖವನ್ನು ಯಾವ ಕ್ಯಾಮರಾ ತಾನೇ ಕೆಡಿಸೀತು? ನಾನಿರುವ ದೇವಸುಗೂರಿನಲ್ಲಿ ಮಂಜೂ ಇಲ್ಲ, ಸಮುದ್ರವೂ ಇಲ್ಲ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು, ಮನೆಯೊಳಗೆ ಟ್ಯೂಬ್‌ಲೈಟು, ಕೃಷ್ಣೆಯ ದಂಡೆಯ ಗಾಳಿ, ವಿದ್ಯುತ್ ಕೇಂದ್ರದ ಹಾರುಬೂದಿ, ಎಣ್ಣೆಗಪ್ಪು ಮೈಯ ಮಕ್ಕಳು. ಪರೀಕ್ಷೆ ಆಗಬೇಕಾದ್ದು ಇಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸಣ್ಣ ಕ್ಯಾಮರಾವನ್ನು ಒಂದು ಭಾನುವಾರ ನನ್ನ ಕೈಗೆ ಕೊಟ್ಟು ಎಲ್ಲವನ್ನೂ ಸಾವಧಾನದಿಂದ ತೋರಿಸಿದ. ಅಂದಿನಿಂದ ನಾನು ಕಟ್ಟಿಕೊಂಡ ಅಳತೆಗೋಲನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಟ್ಯೂಬ್‌ಲೈಟಿನ ಪರೀಕ್ಷೆ. ನಮ್ಮೂರಿನ ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಾರೆ. ಕರ್ನಾಟಕದ ಮೊದಲ ಶಾಖೋತ್ಪನ್ನ ಕೇಂದ್ರ ಇದು. ಒಟ್ಟು 8 ಘಟಕ, 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಅಲ್ಲಿಯ ಚಕ್ರಗಳು ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತವೆ. ಆದ್ದರಿಂದ ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಆ ಕರೆಂಟಿನಲ್ಲಿ ಉರಿಯುವ ಹಳೆಯ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್.ಇ.ಡಿ. ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ. ಕ್ಯಾಮರಾದ ಷಟರ್ ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗದಷ್ಟು ಹೊತ್ತು ತೆರೆದರೆ ಲೆಕ್ಕ ಸರಿಹೋಗಿ ಬೆಳಕು ಸಮನಾಗಿರುತ್ತದೆ. 60ನೆಯ ಒಂದು ಭಾಗಕ್ಕೆ ಇಟ್ಟರೆ ಲೆಕ್ಕ ತಪ್ಪಿ, ಚಿತ್ರದ ಮೇಲೆ ಕರಿಯ ಪಟ್ಟೆಗಳು ಮೇಲೆ ಕೆಳಗೆ ಹರಿದಾಡುತ್ತವೆ. ಅಮೆರಿಕದಲ್ಲಿ ಕರೆಂಟು 60 ಆವರ್ತದ್ದು, ಅಲ್ಲಿಯವರಿಗೆ 60 ಸರಿ. ನಮ್ಮ ಹುಡುಗರು ಅಲ್ಲಿಯವರ ವಿಡಿಯೋ ನೋಡಿ, 'ಐವತ್ತಕ್ಕಿಂತ ಅರವತ್ತು ದೊಡ್ಡದಲ್ರಿ' ಎಂದು ಕ್ಯಾಮರಾವನ್ನು 60ಕ್ಕೆ ತಿರುಗಿಸಿಡುತ್ತಾರೆ. ವಿದ್ಯುತ್ ತಯಾರಾಗುವ ಊರಿನಲ್ಲೇ ವಿದ್ಯುತ್ತಿನ ಲೆಕ್ಕ ಬಾರದ ವಿಡಿಯೋ! ಆದ್ದರಿಂದ ವಿಡಿಯೋದವನು ಬಂದಾಗ ಅಡಿಗೆಮನೆಯ ಟ್ಯೂಬ್‌ಲೈಟಿನಡಿ ಒಂದು ನಿಮಿಷ ತೆಗೆದು ತೋರಿಸು ಎನ್ನಿ. ಪಟ್ಟೆ ಹರಿದರೆ ಕ್ಯಾಮರಾ ಎಷ್ಟು ಲಕ್ಷದ್ದಾದರೂ ಇನ್ನೂ ನಮ್ಮೂರಿಗೆ ಬಂದಿಲ್ಲವೆಂದು ತಿಳಿಯಿರಿ.

ಎರಡನೆಯದು ಇಳಕಲ್ ಸೀರೆಯ ಪರೀಕ್ಷೆ. ಸಣ್ಣ ಚೌಕಡಿಯ ಅಥವಾ ಸಣ್ಣ ಗೆರೆಯ ಇಳಕಲ್ ಸೀರೆಯನ್ನು ನಾಲ್ಕು ಮಾರು ದೂರದಲ್ಲಿ ಹಗ್ಗಕ್ಕೆ ಹಾಕಿ ತೆಗೆಸಿ ನೋಡಿ. ಕ್ಯಾಮರಾದ ಚುಕ್ಕೆಯ ಸಾಲೂ ಸೀರೆಯ ಗೆರೆಯ ಸಾಲೂ ಒಂದಕ್ಕೊಂದು ಹೊಂದದಿದ್ದರೆ ಸೀರೆಯಲ್ಲಿ ಇಲ್ಲದ ಕಾಮನಬಿಲ್ಲಿನಂಥ ಅಲೆಗಳು ಏಳುತ್ತವೆ. ನೇಕಾರ ನೇಯದ ವಿನ್ಯಾಸವನ್ನು ಕ್ಯಾಮರಾ ನೇಯುತ್ತದೆ! ಸೀರೆ ಸೀರೆಯಾಗಿಯೇ ಕಂಡರೆ ಕ್ಯಾಮರಾ ಪಾಸು.

ಮೂರನೆಯದನ್ನು ಚಿಮಣಿಯ ಪರೀಕ್ಷೆ ಎನ್ನೋಣ. ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳ ಕಡೆ ಕ್ಯಾಮರಾ ಹಿಡಿದು ಎಡದಿಂದ ಬಲಕ್ಕೆ ಸರ್ರನೆ ತಿರುಗಿಸಿದರೆ ಚಿಮಣಿಗಳು ಕುಡಿದವರ ಹಾಗೆ ಒಂದು ಬದಿಗೆ ವಾಲುತ್ತವೆ. ಇಂಥ ಕ್ಯಾಮರಾಗಳು ಇಡೀ ಚಿತ್ರವನ್ನು ಒಂದೇ ಏಟಿಗೆ ಓದದೆ, ನಾವು ಪುಸ್ತಕ ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತ ಓದುವುದು ಇದಕ್ಕೆ ಕಾರಣ. ಓದಿ ಮುಗಿಸುವಷ್ಟರಲ್ಲಿ ಚಿಮಣಿ ಸರಿದಿರುತ್ತದೆ. ನಿಧಾನ ತಿರುಗಿಸುವವನ ಕೈಯಲ್ಲಿ ಈ ದೋಷ ಕಾಣುವುದೇ ಇಲ್ಲ. ಕ್ಯಾಮರಾದ ಗುಣಮಟ್ಟದಲ್ಲಿ ಕೈಯ ಪಾಲೆಷ್ಟು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಬೂದಿಯ ಮಾತೂ ಒಂದಿದೆ. ಲೆನ್ಸ್ ಬದಲಿಸಬಹುದು ಎಂಬುದೇ ಈ ಕ್ಯಾಮರಾದ ಹೆಚ್ಚುಗಾರಿಕೆ. ಆದರೆ ಹಾರುಬೂದಿ ಹಾರುವ ಬಯಲಿನಲ್ಲಿ ನಿಂತು ಲೆನ್ಸ್ ಬಿಚ್ಚಿದರೆ ತೆರೆದ ಬಾಯಿಯೊಳಗೆ ಬೂದಿ ಹೋಗಿ ಫಲಕದ ಮೇಲೆ ಕೂಡುತ್ತದೆ. ಆಮೇಲೆ ತೆಗೆದ ಚಿತ್ರಗಳಲ್ಲಿ ಆಕಾಶದಲ್ಲೆಲ್ಲ ಕಲೆ. ಹಾಲಿನ ಪಾತ್ರೆಯ ಮುಚ್ಚಳವನ್ನು ಬೀದಿಯಲ್ಲಿ ತೆಗೆಯುತ್ತೇವೆಯೇ?

ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತು ಮುಖದ್ದು.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದ ವಿಡಿಯೋವನ್ನು ಮಕ್ಕಳ ಜೊತೆ ಕೂತು ನೋಡಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮುಂದಿನ ಸಾಲಿನಲ್ಲಿ ಕುಣಿದಿದ್ದಳು. ನೇರಳೆಹಣ್ಣಿನಂಥ ಕಪ್ಪು, ಕಣ್ಣಿನಲ್ಲಿ ಮಿಂಚು. ವಿಡಿಯೋದಲ್ಲಿ ಅವಳ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಕುತ್ತಿಗೆ, ಕೈ ಮಾತ್ರ ಅವಳದೇ ಬಣ್ಣ. ಮುಖ ಒಬ್ಬಳದು, ಮೈ ಇನ್ನೊಬ್ಬಳದು. ವಿಡಿಯೋ ಮಾಡಿದವರನ್ನು ಕೇಳಿದರೆ, 'ಅದು ಕ್ಯಾಮರಾದಾಗ ಆಟೋಮ್ಯಾಟಿಕ್ ಐತ್ರಿ ಮೇಡಮ್' ಎಂಬ ಉತ್ತರ. ಹುಡುಗಿ ಅಳಲಿಲ್ಲ, ಸಿಟ್ಟಾಗಲಿಲ್ಲ. ಸಂಜೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: 'ಟೀಚರ್, ನಾ ದಿನಾಲೂ ಹಂಗ ಕಾಣಾಕ ಏನ್ ಹಚ್ಚಬೇಕ್ರಿ?'

ಆ ಪ್ರಶ್ನೆಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ.

ಆಟೋಮ್ಯಾಟಿಕ್ ಎಂಬುದು ಲೋಕದಲ್ಲಿ ಯಾವುದೂ ಇಲ್ಲ. ಯಾರೋ ಒಬ್ಬರು ಎಲ್ಲೋ ಕೂತು ಹೀಗಿರಲಿ ಎಂದು ತೀರ್ಮಾನಿಸಿರುತ್ತಾರೆ. ಅನೇಕ ಸಣ್ಣ ಕ್ಯಾಮರಾಗಳ ಮೆನುವಿನಲ್ಲಿ ಚರ್ಮವನ್ನು ನುಣುಪು ಮಾಡುವ ಏರ್ಪಾಡು ಇರುತ್ತದೆ. ಕ್ಯಾಮರಾ ಮುಖವನ್ನು ತಾನೇ ಗುರುತಿಸಿ ಅಲ್ಲಿಯ ಸುಕ್ಕು, ಕಲೆ, ರಂಧ್ರಗಳನ್ನು ಒರೆಸುತ್ತದೆ. ಉಳಿದ ಬಿಳುಪನ್ನು ಕಂಪ್ಯೂಟರಿನಲ್ಲಿ ಬಳಿಯುತ್ತಾರೆ. ಒಂದು ಗುಂಡಿ ಒತ್ತಿದರೆ ಬರುವಂಥದು ಇನ್ನೊಂದು ಗುಂಡಿ ಒತ್ತಿದರೆ ಹೋಗುತ್ತದೆ. ಒತ್ತುವ ಮನಸ್ಸು ಬೇಕು.

ಈ ರೋಗ ಹೊಸದಲ್ಲ. ಅಮೆರಿಕದ ಕೊಡಕ್ ಕಂಪನಿಯವರು 1950ರ ದಶಕದಲ್ಲಿ ಫೋಟೋ ಮುದ್ರಿಸುವ ಅಂಗಡಿಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿದ್ದರು. ಅದರಲ್ಲಿದ್ದವಳು ಒಬ್ಬ ಬಿಳಿಯ ಹೆಂಗಸು. ಮೊದಲ ಮಾದರಿಯಾದವಳ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡು ಎಂದೇ ಹೆಸರಾಯಿತು. ಶರ್ಲಿಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ. ಉಳಿದವರ ಚರ್ಮ ಹೇಗಾದರೂ ಬರಲಿ. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ನಿಂತ ಶಾಲೆಯ ಫೋಟೋದಲ್ಲಿ ಕಪ್ಪು ಮಕ್ಕಳ ಹಲ್ಲು, ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ ಎಂದು ಅಲ್ಲಿಯ ತಾಯಂದಿರು ದೂರಿದರು. ಮುಂದೆ ಫಿಲ್ಮು ಸುಧಾರಿಸಿದ್ದರಲ್ಲಿ ಆ ತಾಯಂದಿರ ದೂರಿಗಿಂತ ಚಾಕಲೇಟು ಮಾರುವವರ, ಮರದ ಪೀಠೋಪಕರಣ ಮಾಡುವವರ ದೂರಿನ ಪಾಲು ಹೆಚ್ಚು ಎನ್ನುತ್ತಾರೆ. ತಮ್ಮ ಸಾಮಾನಿನ ಕಂದು ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ಕೊರಗಾಗಿತ್ತು. ಕುರ್ಚಿಗೆ ಸಿಕ್ಕ ನ್ಯಾಯ ಕೂಸಿಗೆ ಸಿಗಲಿಲ್ಲ. ಹಲವು ಬಣ್ಣದ ಹೆಂಗಸರಿರುವ ಮಾದರಿ ಕಾರ್ಡು ಬಂದದ್ದು 1990ರ ದಶಕದಲ್ಲಿ.

ನಮ್ಮಲ್ಲಿ 1975ರಿಂದ ಫೇರ್ ಅಂಡ್ ಲವ್ಲಿ ಮಾರಿದರು. 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಎಂದು ಹೆಸರು ಬದಲಿಸಿದರು. ಡಬ್ಬಿಯ ಮೇಲಿನ ಹೆಸರು ಹೋಯಿತು, ಆದರೆ ಮದುವೆ ವಿಡಿಯೋದೊಳಗಿನ ಫೇರ್ ಹಾಗೆಯೇ ಉಳಿದಿದೆ.

ಕಪ್ಪು ಮುಖವನ್ನು ಚೆನ್ನಾಗಿ ತೆಗೆಯಲು ಆಗುವುದೇ ಇಲ್ಲವೇ? ಧಾರಾಳವಾಗಿ ಆಗುತ್ತದೆ. ಇದಕ್ಕೆ ನನ್ನ ನಾಲ್ಕನೆಯ ಪರೀಕ್ಷೆ ರೊಟ್ಟಿಯದು. ಕರಿಯ ಹಂಚು, ಅದರ ಮೇಲೆ ಬಿಳಿಯ ಜೋಳದ ರೊಟ್ಟಿ, ಪಕ್ಕದಲ್ಲಿ ಬಡಿಯುವವಳ ಮುಖ, ಹಿಂದೆ ಬಿಸಿಲು ಬೀಳುವ ಬಾಗಿಲು. ಕ್ಯಾಮರಾವನ್ನು ಅದರ ಪಾಡಿಗೆ ಬಿಟ್ಟರೆ ಅದು ಬಾಗಿಲ ಬಿಸಿಲನ್ನು ನೋಡಿ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಹೆಂಗಸಿನ ಮುಖ ನೆರಳಾಗುತ್ತದೆ. ತಿಳಿದವನು ಬೆಳಕಿನ ಅಳತೆಯನ್ನು ಅವಳ ಮುಖದ ಮೇಲೆ ಇಡುತ್ತಾನೆ. ಬಾಗಿಲು ಬಿಳಿಚಿದರೆ ಬಿಳಿಚಲಿ ಎನ್ನುತ್ತಾನೆ. ಇನ್ನೂ ತಿಳಿದವನು ಅವಳನ್ನು ಬಾಗಿಲಿನ ಕಡೆ ಮುಖ ಮಾಡಿ ಕೂಡಿಸುತ್ತಾನೆ. ಆಗ ಕಪ್ಪು ಚರ್ಮದ ಮೇಲೆ ಬೆಳಕು ಎಣ್ಣೆ ಹಚ್ಚಿದ ಹಾಗೆ ಜಾರಿ, ಕೆನ್ನೆಯ ಏರು, ಹಣೆಯ ಬೆವರು, ಬೆರಳಿಗಂಟಿದ ಹಿಟ್ಟು ಎಲ್ಲವೂ ಮೂಡುತ್ತವೆ. ಸುಣ್ಣ ಬೇಕಾಗಿಲ್ಲ, ಬೇಕಾದ್ದು ಬೆಳಕು ಮತ್ತು ತಾಳ್ಮೆ. ರೊಟ್ಟಿ, ಹಂಚು, ಮುಖ ಮೂರೂ ತಮ್ಮ ತಮ್ಮ ಬಣ್ಣದಲ್ಲಿ ಬಂದ ವಿಡಿಯೋವೇ ಒಳ್ಳೆಯ ವಿಡಿಯೋ.

'ಗಿರಾಕಿಗಳೇ ಬೆಳ್ಳಗ ಮಾಡ್ರಿ ಅಂತಾರ, ನಾವೇನ್ ಮಾಡೋಣ?' ಎಂದು ಸ್ಟುಡಿಯೋದವರು ಕೇಳುತ್ತಾರೆ. ಸುಳ್ಳಲ್ಲ. ತಾಯಂದಿರೇ ಹೇಳುತ್ತಾರೆ. ಕನ್ಯೆ ನೋಡಲು ಬಂದವರು ಬಣ್ಣ ತೂಗುತ್ತಾರೆ, ಫೋಟೋ ಕಳಿಸಿದರೆ ಮೊದಲು ಬಣ್ಣ ನೋಡುತ್ತಾರೆ. ಆ ಭಯ ತಾಯಿಯ ಹೊಟ್ಟೆಯಲ್ಲಿದೆ. ಆದರೆ ಮದುವೆಯಾಗಿ ಹೋಗುವ ಹೊತ್ತಿನಲ್ಲೂ ಅವಳ ಮುಖ ಒರೆಸಬೇಕೇ? ತಾಳಿ ಬಿದ್ದ ಮೇಲೆ ಯಾರನ್ನು ಮೋಸ ಮಾಡಬೇಕಾಗಿದೆ? ನಾಳೆ ಅವಳ ಮಗಳು ಕಪ್ಪಗೆ ಹುಟ್ಟಿ, ಅಮ್ಮನ ಮದುವೆಯ ವಿಡಿಯೋ ನೋಡಿ, 'ನೀನು ಬೆಳ್ಳಗಿದ್ದಿ, ನಾನ್ಯಾಕ ಹಿಂಗ?' ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು?

ಅಜ್ಜಿಯರ ಸ್ಥಿತಿ ಇನ್ನೂ ಕೆಟ್ಟದ್ದು. ಎಂಬತ್ತು ವರ್ಷದ ಸುಕ್ಕುಗಳೇ ಅವರ ಮುಖ. ಅದನ್ನು ಒರೆಸಿದರೆ ಉಳಿಯುವುದೇನು? ಆ ಅಜ್ಜಿ ತೀರಿಕೊಂಡ ಮೇಲೆ ಮನೆಯವರು ತೆಗೆದು ನೋಡುವುದು ಅದೇ ವಿಡಿಯೋವನ್ನು. ಅಲ್ಲಿ ಅಜ್ಜಿಯೇ ಇಲ್ಲದಿದ್ದರೆ ಕೊಟ್ಟ ದುಡ್ಡು ಯಾತಕ್ಕೆ?

ಮುಖ ಒರೆಸಿದಂತೆಯೇ ದನಿಯನ್ನೂ ಒರೆಸುತ್ತಾರೆ. ನನ್ನ ಐದನೆಯ ಪರೀಕ್ಷೆ ಇದು. ಸುರಗಿ ಸುತ್ತುವಾಗ, ಅರಿಶಿಣ ಹಚ್ಚುವಾಗ ನಮ್ಮ ಕಡೆಯ ಹಿರಿಯ ಹೆಂಗಸರು ಹಾಡುವ ಸೋಬಾನದ ಪದಗಳು ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಕ್ಯಾಮರಾ ಅಲ್ಲೇ ಇರುತ್ತದೆ, ಚಾಲೂ ಇರುತ್ತದೆ. ಆದರೆ ಕೈಗೆ ಬಂದ ವಿಡಿಯೋದಲ್ಲಿ ಆ ಹೆಂಗಸರ ಬಾಯಿ ಆಡುತ್ತಿರುತ್ತದೆ, ಕೇಳುವುದು ಸಿನೆಮಾ ಹಾಡು! ಕ್ಯಾಮರಾದೊಳಗಿನ ಸಣ್ಣ ಮೈಕು ದೂರದ ದನಿ ಹಿಡಿಯಲಾರದು, ಗಾಳಿ ಬಂದರೆ ಬರ್ರೆಂದು ಶಬ್ದ ಮಾಡುತ್ತದೆ. ಅದಕ್ಕೇ ತುಪ್ಪಳದ ಟೋಪಿ ಹಾಕಿದ ಬೇರೆ ಮೈಕು ಬೇಕು. ಹಾಡುವವರ ಹತ್ತಿರ ಒಂದು ಫೋನು ಇಟ್ಟು ರೆಕಾರ್ಡು ಮಾಡಿ ಆಮೇಲೆ ಜೋಡಿಸಿದರೂ ಆಗುತ್ತದೆ. ಇಷ್ಟು ಮಾಡದವರು 83 ಲಕ್ಷ ಚುಕ್ಕೆಯ ಮಾತಾಡುವುದು ಬೇಡ.

'ಕುಡಿಯುವ ನೀರಿಗೇ ಪರದಾಡುವ ಊರುಗಳಿರುವ ಈ ಜಿಲ್ಲೆಯಲ್ಲಿ ಕ್ಯಾಮರಾದ ಚಿಂತೆ ಯಾಕೆ?' ಎಂದು ಕೇಳುವವರೂ ಉಂಟು. ದುಡ್ಡು ಕೊಡುವುದಂತೂ ನಿಂತಿಲ್ಲವಲ್ಲ! ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲೂ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಕೂಡಿಟ್ಟ ದುಡ್ಡು ಮದುವೆಯ ವಿಡಿಯೋಕ್ಕೆ ಹೋಗುತ್ತದೆ. ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಹೆಂಗಸರು ತಮ್ಮ ಸಾಮಾನನ್ನು ತಾವೇ ವಿಡಿಯೋ ಮಾಡಿ ತೋರಿಸುವ ಕಾಲ ಬಂದಿದೆ. ಬಡವರ ದುಡ್ಡಿಗೆ ಸರಿಯಾದ ಸರಕು ಸಿಗಬೇಕೆಂದು ಕೇಳುವುದು ಚೈನಿಯೇ?

ಕೊನೆಗೆ ಒಂದು ಲೆಕ್ಕ. ಒಳ್ಳೆಯ ಸಣ್ಣ ಕ್ಯಾಮರಾ ಫೋರ್ ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಒಂದು ಗಂಟೆಗೆ ಸುಮಾರು 45 ಜಿ.ಬಿ. ಆಗುತ್ತದೆ. ಮೂರು ಗಂಟೆಯ ಮದುವೆಯನ್ನು 16 ಜಿ.ಬಿ.ಯ ಪೆನ್‌ಡ್ರೈವಿನಲ್ಲಿ ತುಂಬಿ ಕೊಟ್ಟರೆ ಹಿಂಡಿ ಹಿಂಡಿ ತುಂಬಿದ್ದಾರೆಂದೇ ಅರ್ಥ. ಹಿಂಡಿದಾಗ ಮೊದಲು ಹೋಗುವುದು ಸಣ್ಣ ಸಣ್ಣ ವಿವರಗಳೇ. ಹಾಲು ಎಂದು ಹೇಳಿ ಮಜ್ಜಿಗೆಯ ತಿಳಿ ಕೊಟ್ಟ ಹಾಗೆ.

ಆದ್ದರಿಂದ ಅಕ್ಕತಂಗಿಯರೇ, ಮುಂಗಡ ಕೊಡುವ ಮೊದಲು ಒಂದು ಕಾಗದ ತೆಗೆದುಕೊಂಡು ನಾಲ್ಕು ಮಾತು ಬರೆಸಿ ಸಹಿ ಹಾಕಿಸಿಕೊಳ್ಳಿ. ನಮ್ಮ ಮನೆಯ ಬೆಳಕಿನಲ್ಲಿ, ನಮ್ಮ ಮನೆಯ ಎಲ್ಲರಿಗಿಂತ ಕಪ್ಪಗಿನ ಮುಖವನ್ನು ತೆಗೆದು ಮೊದಲು ತೋರಿಸಬೇಕು. ಯಾರ ಮುಖವನ್ನೂ ಕೇಳದೆ ಬೆಳ್ಳಗೆ ಮಾಡಕೂಡದು, ನುಣುಪು ಮಾಡಕೂಡದು. ಹಾಡಿದವರ ಹಾಡು ಅವರ ದನಿಯಲ್ಲೇ ಇರಬೇಕು. ಹಿಂಡದ ಮೂಲ ವಿಡಿಯೋ ನಮಗೆ ಕೊಡಬೇಕು. ಅದಕ್ಕೆ ಬೇಕಾದ ಡಿಸ್ಕು ನಾವೇ ತಂದುಕೊಡುತ್ತೇವೆ. ಇಷ್ಟಕ್ಕೆ ಒಪ್ಪುವವನ ಕ್ಯಾಮರಾ ಹಳೆಯದಾದರೂ ಅವನನ್ನೇ ಕರೆಯಿರಿ. ಒಪ್ಪದವನಿಗೆ ನಿಮ್ಮ ಮಗಳ ಮುಖವನ್ನು ಒಪ್ಪಿಸಬೇಡಿ.

ಆ ಹುಡುಗಿಗೆ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಡುತ್ತೇನೆ. 'ನಿನಗೇನೂ ಹಚ್ಚೋದು ಬೇಡವ್ವಾ, ಕ್ಯಾಮರಾದಾಗಿಂದ ಹಚ್ಚಿದ್ದನ್ನ ತೆಗಿಸಬೇಕು' ಎಂದೆ. ಅವಳು ನಂಬಿದಳೋ ಇಲ್ಲವೋ. ಅವಳು ನಂಬುವಂತಾಗಬೇಕಾದರೆ ನಾವು, ದುಡ್ಡು ಕೊಡುವವರು, ಬಾಯಿ ಬಿಟ್ಟು ಕೇಳಬೇಕು.